ಮನಸ್ಸಿನ ವೈದ್ಯರಲ್ಲಿಗೆ ಹೋಗುವ ಮುನ್ನ

ರೇಷ್ಮೆ ಹುಳುವಿನ ಮನೆಯಲ್ಲಿ ಹುಟ್ಟಿ ಬೆಳೆದವನಾದುದರಿಂದ ನಮ್ಮ ಕಡೆಯ ಬೇಸಾಯಗಾರರ ಎಚ್ಚರಿಕೆ ಎಂತಹುದೆಂಬುದನ್ನು ನಾನು ಚೆನ್ನಾಗಿ ಬಲ್ಲೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಒಂದು ಹೊತ್ತು ಸೊಪ್ಪು ಮುಟ್ಟದೆ ಮಲಗಿತೆಂದರೆ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಅಪ್ಪ ಬ್ಯಾಟರಿ ಹಿಡಿದು ಒಂದೊಂದು ತಟ್ಟೆಯನ್ನೂ ಎಳೆದು ನೋಡುವರು. ಹಾಲುರೋಗವೋ ಸುಣ್ಣಕಟ್ಟೋ ಎಂದು ನೆರೆಯವರನ್ನು ಕರೆದು ತೋರಿಸುವರು. ಬೆಳಗಾಗುವುದೇ ತಡ, ರೇಷ್ಮೆ ಇಲಾಖೆಯವರನ್ನು ಹುಡುಕಿಕೊಂಡು ಹೋಗುವರು. ‘ಜನ ಏನಂದಾರು’ ಎಂದು ಅವರು ಒಮ್ಮೆಯಾದರೂ ಹಿಂಜರಿದುದನ್ನು ನಾನು ಕಾಣೆ. ಹುಳುವಿಗೆ ರೋಗ ಬಂದುದು ಮನೆತನಕ್ಕೆ ಬಂದ ಕಳಂಕವೆಂದು ಅವರು ಭಾವಿಸಿದುದೂ ಇಲ್ಲ.

ಅದೇ ಮನೆಯ ಮಗನೊಬ್ಬನು ಎರಡು ವರ್ಷಗಳ ಹಿಂದೆ ಮೂರು ತಿಂಗಳ ಕಾಲ ಹೊಟ್ಟೆತುಂಬ ಉಣ್ಣಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಪುಸ್ತಕ ತೆರೆದರೆ ಒಂದೇ ಸಾಲನ್ನು ಹತ್ತು ಸಲ ಓದಿದರೂ ಅರ್ಥ ತಲೆಗೆ ಹತ್ತುತ್ತಿರಲಿಲ್ಲ. ಕಿರುಪರೀಕ್ಷೆಯ ದಿನ ಎದೆ ಡವಗುಟ್ಟಿ, ಅಂಗೈ ಬೆವತು, ಉತ್ತರಪತ್ರಿಕೆಯನ್ನು ಖಾಲಿ ಇಟ್ಟು ಎದ್ದುಬಂದನು. ಆಗ ಯಾರೂ ಯಾರಲ್ಲಿಗೂ ಓಡಲಿಲ್ಲ. ಅಜ್ಜಿ ಮಾತ್ರ, ‘ಯಾಕ್ಲಾ ಮಗಾ, ಹಿಟ್ಟು ಬಿಟ್ಟು ಎದ್ದುಬಿಟ್ಟೆ? ಯಾವುದೋ ಗಾಳಿ ಸೋಕೈತೆ ಕಣ್ಲಾ’ ಎಂದು ಅಂತ್ರ ಕಟ್ಟಿಸಿದಳು. ಅಪ್ಪ, ‘ಓದು ಜಾಸ್ತಿಯಾಯಿತು, ನಾಲ್ಕು ದಿನ ಸುಮ್ಮನಿರು’ ಎಂದರು. ಹಿರಿಯರೊಬ್ಬರು, ‘ಗಂಡುಮಗ, ಮನಸ್ಸು ಗಟ್ಟಿ ಮಾಡಿಕೋ’ ಎಂದರು. ಎಲ್ಲರೂ ಪ್ರೀತಿಯಿಂದಲೇ ನುಡಿದರು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ.

ವಾಚಕರು ಊಹಿಸಿರಬಹುದು, ಆ ಮಗನು ನಾನೇ. ಕೊನೆಗೆ ನಾನು ಆಪ್ತಸಮಾಲೋಚನೆಗೆ ಹೋದೆ, ಗುಣವನ್ನೂ ಕಂಡೆ. ಆದರೆ ಹೋಗಬೇಕೆಂದು ಮನಸ್ಸಿಗೆ ಬಂದ ದಿನಕ್ಕೂ ಹೋದ ದಿನಕ್ಕೂ ನಡುವೆ ಐದು ತಿಂಗಳುಗಳು ಕಳೆದವು. ಆ ಐದು ತಿಂಗಳು ನನ್ನನ್ನು ಹಿಡಿದಿಟ್ಟುದು ಬಡತನವಲ್ಲ, ದೂರವೂ ಅಲ್ಲ, ಕೆಲವು ಪ್ರಶ್ನೆಗಳು. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತು ನಾನು ಅವನ್ನು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ನನಗೆ ನಾನೇ ತಪ್ಪು ಉತ್ತರಗಳನ್ನು ಕೊಟ್ಟುಕೊಳ್ಳುತ್ತಿದ್ದೆ. ಈಚೆಗೆ ಚನ್ನಪಟ್ಟಣದ ಸಹಪಾಠಿಯೊಬ್ಬನು ಅದೇ ಬಸ್ಸಿನಲ್ಲಿ, ದನಿ ತಗ್ಗಿಸಿ, ಅವೇ ಪ್ರಶ್ನೆಗಳನ್ನು ನನ್ನ ಮುಂದಿಟ್ಟನು. ಆಗ ನನಗೆ ತೋರಿದುದು ಇಷ್ಟೆ: ಈ ಪ್ರಶ್ನೆಗಳು ನಾಚಿಕೆಗೆಟ್ಟವೂ ಅಲ್ಲ, ಮೂರ್ಖವೂ ಅಲ್ಲ. ಅವನ್ನು ಕೇಳಲೇಬೇಕು. ಆದರೆ ಉತ್ತರ ಬಲ್ಲವರನ್ನು ಕೇಳಬೇಕು. ಬಾಗಿಲು ತಟ್ಟಬೇಕಾದ ಪ್ರಶ್ನೆಯೇ ಬಾಗಿಲಿಗೆ ಅಗಳಿಯಾಗಬಾರದು. ಈ ಲೇಖನದ ಉದ್ದೇಶ ಇದಿಷ್ಟೇ.

ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ, ‘ನನಗೇನು ಹುಚ್ಚು ಹಿಡಿದಿದೆಯೇ?’ ಎಂಬುದು. ನಮ್ಮ ಕಾಲೇಜಿನ ಅಂಗಳದಲ್ಲಿ ಗೆಳೆಯನೊಬ್ಬನು ಕೊಂಚ ವಿಚಿತ್ರವಾಗಿ ಮಾತನಾಡಿದರೆ ಸಾಕು, ‘ಇವನನ್ನು ನಿಮ್ಹಾನ್ಸಿಗೆ ಸೇರಿಸಿರಪ್ಪ’ ಎಂದು ನಗುವುದುಂಟು. ನಾನೂ ನಕ್ಕವನೇ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರಲ್ಲಿ ಆದ ಸಂಸ್ಥೆ ಅದು. ಮೂರ್ಛೆರೋಗದವರು, ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯುವಿನವರು, ನಿದ್ರೆಗೆಟ್ಟವರು, ಕುಡಿತ ಬಿಡಲೆಂದು ಬಂದವರು, ಎಲ್ಲರೂ ಅಲ್ಲಿಗೆ ಹೋಗುವರು. ಆ ಹೆಸರನ್ನು ಬೈಗುಳವಾಗಿಸಿಕೊಂಡವರು ನಾವು. ಸಂಸ್ಥೆಗೆ ಅದರಿಂದ ನಷ್ಟವಿಲ್ಲ. ನಾಳೆ ಅಲ್ಲಿಗೆ ಹೋಗಬೇಕಾಗಿ ಬಂದಾಗ ಕಾಲೆಳೆಯುವವರೂ ನಾವೇ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10ಕ್ಕೂ ಮಿಗಿಲಾದವರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಎಂದರೆ ಸರಾಸರಿ ಲೆಕ್ಕದಲ್ಲಿ ಐವತ್ತು ಜನರ ತರಗತಿಯಲ್ಲಿ ಐವರು. ಇವರಲ್ಲಿ ಬಹುಮಂದಿಗೆ ಇರುವುದು ಲೋಕವು ‘ಹುಚ್ಚು’ ಎಂದು ಕರೆಯುವ ಸ್ಥಿತಿಯಲ್ಲ. ಖಿನ್ನತೆ, ಆತಂಕ, ಚಟ ಮುಂತಾದವು. ಹೀಗಿದ್ದೂ ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹತ್ತಿರ ಸುಳಿದಿರಲಿಲ್ಲವೆಂದು ಅದೇ ಸಮೀಕ್ಷೆಯು ತಿಳಿಸಿತು. ಇದಕ್ಕೆ ಲೋಕದ ಬಾಯಿಯೂ ಒಂದು ಕಾರಣವಲ್ಲವೇ? ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರು, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದುದನ್ನು ನೋಡಿದವರು, ಈ ಮಾತನ್ನು ಒಪ್ಪುವರು. ಆಸ್ಪತ್ರೆಯಲ್ಲಿ ಗುಣಹೊಂದಿ ಬಂದ ಕಾವೇರಿಯನ್ನು ಮತ್ತೆ ಬೀಳಿಸಿದುದು ಆಕೆಯ ರೋಗವಲ್ಲ. ಮನೆಯವರ, ನೆರೆಯವರ ನೋಟ. ರೋಗಕ್ಕೆ ವೈದ್ಯರಿದ್ದಾರೆ, ಆ ನೋಟಕ್ಕೆ ಮದ್ದನ್ನು ನಾವೇ ಅರೆಯಬೇಕು.

ಎರಡನೆಯದು, ‘ಗೆಳೆಯರಿಲ್ಲವೇ, ಗುರುಗಳಿಲ್ಲವೇ, ದೇವರಿಲ್ಲವೇ? ಗುರುತು ಪರಿಚಯವಿಲ್ಲದವರ ಮುಂದೆ ಮನೆಯ ಮಾತು ಏಕೆ ಆಡಬೇಕು?’ ಎಂಬ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ. ಒಳ್ಳೆಯ ಗೆಳೆಯನೊಡನೆ ಆಡಿದ ಮಾತಿನಿಂದಲೇ ಹಗುರಾಗುವ ದುಃಖಗಳು ಎಷ್ಟೋ ಇವೆ. ಅವುಗಳಿಗೆ ಸಮಾಲೋಚಕರು ಬೇಕಿಲ್ಲ. ಆದರೆ ದುಃಖವು ವಾರಗಳಾದರೂ ಕದಲದೆ, ಊಟ, ನಿದ್ರೆ, ಓದು, ಕೆಲಸಗಳನ್ನು ಕೆಡಿಸತೊಡಗಿದರೆ, ಅದು ಗೆಳೆಯನ ಕೈಮೀರಿತೆಂದೇ ತಿಳಿಯಬೇಕು. ಗೆಳೆಯನು ನಮ್ಮ ಪಕ್ಷ ವಹಿಸುವನು, ಅಪ್ಪನು ಹೆದರುವನು, ಇಬ್ಬರಿಗೂ ನಮ್ಮ ವಿಷಯದಲ್ಲಿ ತಮ್ಮದೇ ಆಸೆಗಳಿವೆ. ಅಪರಿಚಿತರಾದ ಸಮಾಲೋಚಕರಿಗೆ ಅಂತಹ ಆಸೆಯಿಲ್ಲ. ಜೊತೆಗೆ ಅವರು ಕೇಳುವುದನ್ನೇ ಕಲಿತು ಬಂದವರು. ನಾನು ಗೆಳೆಯರಲ್ಲಿ ಹೇಳಲಾರದ ಮಾತನ್ನು ಅಲ್ಲಿ ಹೇಳಿದೆ: ನನ್ನ ಓದಿಗಾಗಿ ಅಪ್ಪ ಮಾಡಿದ ಸಾಲಕ್ಕೆ ನಾನು ಯೋಗ್ಯನಲ್ಲವೆಂಬ ಮಾತು ಅದು. ಅವರು ಗಾಬರಿಯಾಗಲಿಲ್ಲ, ಬುದ್ಧಿವಾದ ಹೇಳಲಿಲ್ಲ. ‘ಈ ಯೋಚನೆ ಯಾವಾಗ ಶುರುವಾಯಿತು?’ ಎಂದು ಕೇಳಿದರು, ಅಷ್ಟೆ. ಅಲ್ಲಿಯವರೆಗೆ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಇನ್ನು ದೇವರ ವಿಚಾರ. ನಮ್ಮ ಉಡುಪಿ ಜಿಲ್ಲೆಯ ಕೋಟ ಎಂಬಲ್ಲಿ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಎಂಬ ಇಬ್ಬರು ಮನೋವೈದ್ಯರು ಹಳ್ಳಿಗರ ಮನಸ್ಸಿನ ತೊಂದರೆಗಳನ್ನು ಕುರಿತು ಅಧ್ಯಯನ ನಡೆಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಜನ ಮಂತ್ರವಾದಿಯಲ್ಲಿಗೂ ಹೋಗುತ್ತಿದ್ದರು, ಡಾಕ್ಟರಲ್ಲಿಗೂ ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ಅಡ್ಡಿಯೆಂದು ಭಾವಿಸಿರಲಿಲ್ಲ. ಸಮಾಲೋಚಕರು ನನ್ನ ತೋಳಿನ ಅಂತ್ರವನ್ನು ಕಂಡು ಬಿಚ್ಚೆನ್ನಲಿಲ್ಲ. ಯಾರು ಕಟ್ಟಿದರೆಂದು ಕೇಳಿ, ಅಜ್ಜಿಯ ವಿಷಯವಾಗಿ ಬಹಳ ಹೊತ್ತು ಮಾತನಾಡಿಸಿದರು. ದೇವರನ್ನು ಬಿಡಬೇಕಾಗಿಲ್ಲ, ದೇವರ ಹೆಸರಿನಲ್ಲಿ ಹೊಡೆಯುವವರನ್ನು, ಕಟ್ಟಿಹಾಕುವವರನ್ನು, ಹಣ ಸುಲಿಯುವವರನ್ನು ಬಿಟ್ಟರೆ ಸಾಕು.

ಮೂರನೆಯದು, ನನ್ನನ್ನು ಬಹುವಾಗಿ ಕಾಡಿದ ಪ್ರಶ್ನೆ: ‘ಗುಟ್ಟು ಉಳಿಯುವುದೇ?’ ರಾಮನಗರವಾಗಲಿ, ಮಾಗಡಿಯಾಗಲಿ, ಕನಕಪುರವಾಗಲಿ, ಒಂದು ತುದಿಯಲ್ಲಿ ಕೆಮ್ಮಿದರೆ ಇನ್ನೊಂದು ತುದಿಯಲ್ಲಿ ಕೇಳುವಂತಹ ಊರುಗಳು. ಆಸ್ಪತ್ರೆಯ ಸಾಲಿನಲ್ಲಿ ಯಾರಾದರೂ ನಂಟರು ಕಂಡೇ ಕಾಣುವರು. ನಮಗೆ ಆಸ್ಪತ್ರೆಗೆ ಹೋದುದನ್ನು ಮುಚ್ಚಿಡುವುದು ಕಷ್ಟವೇ. ಆದರೆ ಒಳಗೆ ಆಡಿದ ಮಾತಿನ ವಿಚಾರ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 2018ರಿಂದ ಜಾರಿಯಲ್ಲಿದೆ. ರೋಗಿಯ ವಿಷಯವನ್ನು ಗೋಪ್ಯವಾಗಿಡಬೇಕಾದುದು ಚಿಕಿತ್ಸಕರ ಕರ್ತವ್ಯವೆಂದು ಅದು ವಿಧಿಸಿದೆ. ಇದಕ್ಕೆ ಕೆಲವು ವಿನಾಯಿತಿಗಳುಂಟು: ಪ್ರಾಣಕ್ಕೆ ಅಪಾಯವಿರುವಾಗ, ಇನ್ನೊಬ್ಬರಿಗೆ ಕೇಡಾಗುವ ಸಂಭವವಿರುವಾಗ, ಚಿಕಿತ್ಸೆಗಾಗಿ ಬೇರೆ ವೈದ್ಯರಿಗೆ ತಿಳಿಸಬೇಕಾದಾಗ, ನ್ಯಾಯಾಲಯ ಮೊದಲಾದ ಅಧಿಕಾರಸ್ಥಾನಗಳು ಆಜ್ಞಾಪಿಸಿದಾಗ. 18 ವರ್ಷ ತುಂಬದವರ ವಿಷಯದಲ್ಲಿ ತಂದೆತಾಯಿಯರೋ ಪೋಷಕರೋ ಸೇರಬೇಕಾಗುವುದು. ಮೊದಲ ದಿನವೇ, ‘ನಾನು ಹೇಳಿದುದನ್ನು ನೀವು ಯಾರಿಗೆ, ಯಾವಾಗ ಹೇಳುವಿರಿ?’ ಎಂದು ಬಾಯಿಬಿಟ್ಟು ಕೇಳಬಹುದು. ನಾನು ಕೇಳಿದೆ. ಅವರು ಬೇಸರಿಸದೆ, ಒಂದೊಂದಾಗಿ ತಿಳಿಯಹೇಳಿದರು.

ನಾಲ್ಕನೆಯ ಪ್ರಶ್ನೆ, ‘ಅಲ್ಲಿ ಏನು ಮಾಡುವರು? ನಾನೇನು ಹೇಳಬೇಕು?’ ಕರೆಂಟು ಕೊಡುವರೆಂದೂ, ಮನಸ್ಸನ್ನು ಓದಿಬಿಡುವರೆಂದೂ ನಾನು ಹೆದರಿದ್ದೆ. ಅಲ್ಲಿದ್ದುದು ಎರಡು ಕುರ್ಚಿ, ಒಂದು ಮೇಜು, ಒಂದು ಬರೆಯುವ ಪುಸ್ತಕ. ಹೆಸರು, ಊರು, ಊಟ, ನಿದ್ರೆ, ಮನೆಯ ಸ್ಥಿತಿ, ಹಿಂದಿನ ಕಾಯಿಲೆ, ಇವುಗಳ ವಿಚಾರಣೆ ಮೊದಲು. ಬಳಿಕ ನಮ್ಮ ಮಾತು. ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುವುದುಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಜನ ಹೆಚ್ಚಿದ್ದ ದಿನ ಅಷ್ಟು ಹೊತ್ತು ಸಿಕ್ಕದೆಯೂ ಇರಬಹುದು. ಮಾತು ಹೊರಡದಿದ್ದರೆ ಸುಮ್ಮನೆ ಕೂರಬಹುದು, ಅತ್ತರೂ ಆಕ್ಷೇಪಣೆಯಿಲ್ಲ. ಹೇಳಲು ಇಷ್ಟವಿಲ್ಲದುದನ್ನು ‘ಇಂದು ಬೇಡ’ ಎನ್ನಬಹುದು. ಇಂಗ್ಲಿಷ್ ಬೇಕೇ ಎಂದು ನನ್ನ ಸ್ನೇಹಿತನು ಕೇಳಿದನು. ಬೇಡ. ನಾವು ಮನೆಯಲ್ಲಿ ಆಡುವ ಕನ್ನಡವೇ ಸಾಕು. ‘ಎದೆಯ ಮೇಲೆ ಗುಂಡುಕಲ್ಲು ಇಟ್ಟಹಾಗೆ ಐತೆ’ ಎಂದು ನಾನು ಹೇಳಿದುದನ್ನು ಅವರು ಹಾಗೆಯೇ ಬರೆದುಕೊಂಡರು.

ಐದನೆಯದು ಮಾತ್ರೆಯ ಭಯ. ‘ಒಮ್ಮೆ ಮಾತ್ರೆ ನುಂಗಿದರೆ ಸಾಯುವವರೆಗೂ ನುಂಗಬೇಕಂತೆ’ ಎಂಬುದು ನಮ್ಮ ಕಡೆಯ ನಂಬಿಕೆ. ಇಲ್ಲಿ ಕೊಂಚ ವಿವೇಚನೆ ಅಗತ್ಯ. ಮನೋವೈದ್ಯರು ವೈದ್ಯಪದವಿ ಪಡೆದು ಮನೋವೈದ್ಯವನ್ನು ವಿಶೇಷವಾಗಿ ಕಲಿತವರು; ಅವರು ಔಷಧವನ್ನು ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಆಪ್ತಸಮಾಲೋಚಕರು ಮಾತಿನ ಮೂಲಕ ನೆರವಾಗುವವರು; ಔಷಧ ಬರೆಯುವವರಲ್ಲ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ ಖಿನ್ನತೆಯ ಮಾತ್ರೆಗಳು ಕೆಲಸ ತೋರಲು ಕೆಲವು ವಾರಗಳು ಹಿಡಿಯುವುವು. ಎರಡು ದಿನ ನುಂಗಿ ‘ಗುಣವಿಲ್ಲ’ ಎಂದು ಎಸೆಯುವುದು ತಪ್ಪು. ಅವು ಚಟ ಹಿಡಿಸುವ ಮಾತ್ರೆಗಳಲ್ಲ. ಆದರೂ ಕೇಳದೆ ಹಠಾತ್ತಾಗಿ ನಿಲ್ಲಿಸಬಾರದು. ಕೆಲವು ನಿದ್ರೆಯ ಮಾತ್ರೆಗಳು ಚಟ ಹಿಡಿಸಬಲ್ಲವು ಎಂಬುದು ನಿಜ. ಆದುದರಿಂದಲೇ ಅವನ್ನು ಅಂಗಡಿಯಲ್ಲಿ ತಾವಾಗಿ ಕೊಳ್ಳದೆ ವೈದ್ಯರ ಕೈಯಿಂದ ಪಡೆಯಬೇಕು. ‘ಇದು ಏಕೆ, ಎಷ್ಟು ದಿನ, ಏನು ತೊಂದರೆಯಾಗಬಹುದು?’ ಎಂದು ಕೇಳುವುದು ರೋಗಿಯ ಹಕ್ಕು.

ಆರನೆಯದು ದುಡ್ಡಿನ ಪ್ರಶ್ನೆ. ದಿನಾ ಬಸ್ ಪಾಸ್ ಹಿಡಿದು ಬರುವ ನಮ್ಮಂತಹವರಿಗೆ ಇದು ಸಣ್ಣದಲ್ಲ. ಖಾಸಗಿಯವರಲ್ಲಿ ಒಂದು ಭೇಟಿಗೆ ನಮ್ಮ ತಿಂಗಳ ಕೈಖರ್ಚು ಮುಗಿದುಹೋಗಬಹುದು. ಆದರೆ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಇರುವುದು ನಮ್ಮಂತಹವರಿಗಾಗಿಯೇ. ಈ ಕಾರ್ಯಕ್ರಮದ ಬೇರು ನಮ್ಮ ನಾಡಿನಲ್ಲೇ ಇದೆ. ನಿಮ್ಹಾನ್ಸಿನವರು 1970ರ ದಶಕದಲ್ಲಿ ಬನ್ನೇರುಘಟ್ಟದ ಕಡೆಯ ಸಕಲವಾರ ಗ್ರಾಮದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು ಕಲಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಜಿಲ್ಲೆಯ ಮಟ್ಟಕ್ಕೆ ಬೆಳೆಸಿ ನೋಡಿದರು. ಆ ಮಾದರಿಯನ್ನೇ ಕೇಂದ್ರ ಸರ್ಕಾರವು 1996ರಿಂದ ದೇಶಕ್ಕೆ ಹರಡಿತು. 2014ರಲ್ಲಿ ನಮ್ಮ ರಾಜ್ಯವು ‘ಮನೋಚೈತನ್ಯ’ ಎಂಬ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಚಿಕಿತ್ಸಾಲಯಗಳನ್ನು ಆರಂಭಿಸಿತು. ಯಾವ ಆಸ್ಪತ್ರೆಗೆ ಯಾವ ದಿನ ಬರುವರೆಂದು ಹೊರರೋಗಿಗಳ ಚೀಟಿ ಕೊಡುವಲ್ಲಿ ವಿಚಾರಿಸಿ ಹೋದರೆ ಅಲೆದಾಟ ತಪ್ಪುವುದು.

ಎಷ್ಟು ಸಲ ಹೋಗಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಒಂದೆರಡು ಭೇಟಿಯಲ್ಲಿ ದಾರಿ ಕಾಣುವವರುಂಟು. ವಾರಕ್ಕೊಮ್ಮೆಯಂತೆ ನಾಲ್ಕಾರು ತಿಂಗಳು ಹೋಗುವವರೂ ಉಂಟು. ಒಬ್ಬರೊಡನೆ ಹೊಂದಿಕೆಯಾಗದಿದ್ದರೆ ಇನ್ನೊಬ್ಬರನ್ನು ಕೇಳಬಹುದು. ಹೆಣ್ಣುಮಕ್ಕಳು ಮಹಿಳಾ ಸಮಾಲೋಚಕರನ್ನೇ ಬೇಕೆನ್ನಬಹುದು. ಬೋರ್ಡು ಹಾಕಿಕೊಂಡವರೆಲ್ಲ ಕಲಿತವರಲ್ಲ. ಆದುದರಿಂದ ಅವರ ವಿದ್ಯಾರ್ಹತೆಯನ್ನು ವಿಚಾರಿಸುವುದು ಅವಿನಯವಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು.

ಏಳನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಬಸ್ಸಿನಲ್ಲಿ ಆ ಸ್ನೇಹಿತನು ಕೇಳಿದನು: ‘ಮಾತಾಡಿಬಿಟ್ಟರೆ ನಮ್ಮಪ್ಪನ ಸಾಲ ತೀರುತ್ತದೆಯೇ? ಗೂಡಿನ ರೇಟು ಏರುತ್ತದೆಯೇ? ನಮ್ಮ ಚಿಕ್ಕಪ್ಪನ ಬೊಂಬೆ ಕಾರ್ಖಾನೆಗೆ ಕೆಲಸ ಬರುತ್ತದೆಯೇ?’ ಈ ಪ್ರಶ್ನೆಗೆ ಸುಳ್ಳು ಉತ್ತರ ಹೇಳಬಾರದು. ಇಲ್ಲ, ಏರುವುದಿಲ್ಲ. ಸಾಲವು ಸಾಲವಾಗಿಯೇ ಇರುವುದು. ಮಾರುಕಟ್ಟೆಯ ಅನ್ಯಾಯಕ್ಕೆ ಮಾರುಕಟ್ಟೆಯಲ್ಲಿಯೇ ಹೋರಾಡಬೇಕು. ಬಡವನ ಕಷ್ಟವನ್ನೆಲ್ಲ ‘ಮಾನಸಿಕ’ವೆಂದು ಬಗೆದು ಮಾತ್ರೆ ಕೊಟ್ಟು ಕಳುಹಿಸುವುದಾದರೆ ಅದನ್ನು ನಾನೂ ವಿರೋಧಿಸುವೆನು. ಆದರೆ ನನ್ನ ಅನುಭವವನ್ನು ಹೇಳಬೇಕು. ಸಾಲ ಅಂದೂ ಇತ್ತು, ಇಂದೂ ಇದೆ. ಅಂದು ಆ ಸಾಲಕ್ಕೆ ನಾನೇ ಅಪರಾಧಿಯೆಂದು ನಂಬಿ ಹಾಸಿಗೆ ಹಿಡಿದಿದ್ದೆ. ಇಂದು ಅಪ್ಪನ ಜೊತೆ ಕುಳಿತು ಲೆಕ್ಕದ ಪುಸ್ತಕ ನೋಡುತ್ತೇನೆ; ಸಹಕಾರ ಸಂಘದ ಕಾಗದವನ್ನು ನಾನೇ ಬರೆಯುತ್ತೇನೆ. ಹೊರೆ ಇಳಿಯಲಿಲ್ಲ, ನಿಜ. ಹೊರುವ ಹೆಗಲು ಎದ್ದು ನಿಂತಿತು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು. ‘ಇದ್ದೇನು ಫಲ’ ಎಂಬ ಯೋಚನೆ ಯಾರಿಗಾದರೂ ಬರುತ್ತಿದ್ದರೆ, ಅವರು ಮುಂದಿನ ಮಂಗಳವಾರಕ್ಕೆ ಕಾಯಬಾರದು. ಈ ಲೇಖನವನ್ನು ಮುಗಿಸಲೂ ಕಾಯಬಾರದು. ಹತ್ತಿರವಿರುವ ಒಬ್ಬರಿಗೆ ಈಗಲೇ ಹೇಳಬೇಕು. 14416 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಎಂಬ ಸರ್ಕಾರಿ ಸೇವೆ. ಹಗಲೂ ರಾತ್ರಿಯೂ ಇರುವುದು, ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಸ್ನೇಹಿತನೊಬ್ಬನು ಇಂತಹ ಮಾತನ್ನಾಡಿದರೆ, ‘ಹುಚ್ಚಪ್ಪಾ, ಹಾಗೆಲ್ಲ ಅನ್ನಬೇಡ’ ಎಂದು ಮಾತು ಮುಚ್ಚಿಸದೆ, ಅವನನ್ನು ಒಂಟಿಯಾಗಿ ಬಿಡದೆ, ಜೊತೆಯಲ್ಲಿ ಕುಳಿತು ನಾವೇ ಆ ಸಂಖ್ಯೆಯನ್ನು ಒತ್ತಬೇಕು. 2017ರ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಕಾನೂನೇ ಇಷ್ಟು ಮೃದುವಾಗಿರುವಾಗ ನಾವು ಕಠಿಣರಾಗಬಹುದೇ?

ಕೊನೆಯದಾಗಿ, ಪೂಜ್ಯ ಅಧ್ಯಾಪಕ ವರ್ಗದವರಲ್ಲಿ ನನ್ನದೊಂದು ವಿನಂತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿಯೇ ಆರಂಭವಾಯಿತು. ನೂರು ವರ್ಷಗಳಿಂದ ಪಾಠವಾಗಿರುವ ಆ ಶಾಸ್ತ್ರವು ನಮ್ಮಂತಹ ಕಾಲೇಜುಗಳ ನಿತ್ಯಜೀವನಕ್ಕೂ ಇಳಿಯಬೇಡವೇ? ಹಾಜರಿ ಕಡಮೆಯಾದ ವಿದ್ಯಾರ್ಥಿಯ ಹೆಸರನ್ನು ತರಗತಿಯಲ್ಲಿ ಕೂಗುವ ಮುನ್ನ ಕೊಠಡಿಗೆ ಕರೆದು ‘ನಿದ್ರೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ?’ ಎಂದು ಕೇಳುವುದಕ್ಕೆ ಹಣ ಮಂಜೂರಾಗಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಮನೋವೈದ್ಯರ ದಿನವನ್ನೂ 14416 ಎಂಬ ಸಂಖ್ಯೆಯನ್ನೂ ಪರೀಕ್ಷಾ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಲು ಒಂದು ಹಾಳೆ ಸಾಕು. ತಿಂಗಳಿಗೊಮ್ಮೆಯಾದರೂ ಸಮಾಲೋಚಕರು ಬಂದು ಕೂರುವ ಒಂದು ಕೊಠಡಿ ದೊರೆತರೆ ಇನ್ನೂ ಒಳ್ಳೆಯದು. ಅದರ ಬಾಗಿಲು ಸಿಬ್ಬಂದಿ ಕೊಠಡಿಗೆ ಎದುರಾಗಿರದಿರಲಿ ಎಂಬುದಷ್ಟೇ ನನ್ನ ಬಿನ್ನಹ.

ಸಹಪಾಠಿಗಳೇ, ನನ್ನ ಪ್ರಶ್ನೆಗಳು ಏಳಿದ್ದುವು, ನಿಮ್ಮವು ಹತ್ತಿರಬಹುದು. ಅವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಅಲ್ಲಿ ಒಂದೊಂದಾಗಿ ಕೇಳಿ. ಒಬ್ಬರೇ ಹೋಗಲು ಅಳುಕಾದರೆ ಸ್ನೇಹಿತನೊಬ್ಬನನ್ನು ಕರೆದುಕೊಂಡು ಹೋಗಿ. ಚನ್ನಪಟ್ಟಣದ ನನ್ನ ಸ್ನೇಹಿತನು ಕಳೆದ ತಿಂಗಳು ಹೋದನು, ಜೊತೆಯಲ್ಲಿ ನಾನಿದ್ದೆ. ಹೊರಗಿನ ಬೆಂಚಿನ ಮೇಲೆ ನಮ್ಮೂರಿನ ಹಿರಿಯರೊಬ್ಬರು ಕುಳಿತಿದ್ದರು. ನಮ್ಮನ್ನು ನೋಡಿ ಅವರೂ, ಅವರನ್ನು ನೋಡಿ ನಾವೂ ಕ್ಷಣಕಾಲ ತಬ್ಬಿಬ್ಬಾದೆವು. ಆಮೇಲೆ ಅವರೇ ಸರಿದು ಜಾಗ ಮಾಡಿಕೊಟ್ಟು, ‘ಬನ್ರಪ್ಪಾ, ಕುಂತ್ಕಳಿ’ ಎಂದರು. ನಾವು ಕುಳಿತೆವು.